ಕೊಯ್ದವರೇ ಹೆಚ್ಚಲಿ

ಶ್ರಾವಣ ಹುಟ್ಟಿತೆಂದರೆ ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಬೆಂಡೆಕಾಯಿಗೆ ಕಾಲು ಬರುತ್ತದೆ. ಬೆಳಿಗ್ಗೆ ಹಾಲು ತರಲು ಹೋದರೆ ಗೇಟಿನ ಚಿಲಕಕ್ಕೊಂದು ಚೀಲ ನೇತಾಡುತ್ತಿರುತ್ತದೆ. ಇಟ್ಟವರು ಯಾರೆಂದು ವಿಚಾರಿಸುವ ಹಾಗಿಲ್ಲ. ವಿಚಾರಿಸಿದರೆ ಸಂತೋಷಪಟ್ಟು ಸಂಜೆ ಇನ್ನೊಂದು ಚೀಲ ತಂದುಕೊಡುತ್ತಾರೆ. ಚೀಲ ಇಟ್ಟವರಲ್ಲಿ ನಮ್ಮ ಮನೆಯವರೂ ಒಬ್ಬರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಡಿಕೊಳ್ಳಬಾರದು.

ಕೈತೋಟ ಮಾಡುವುದು ಹೇಗೆಂದು ಹೇಳಿಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಜನರಿಗೆ ಕಲಿಸಲು ಶುರುಮಾಡಿ ಎಷ್ಟೋ ವರ್ಷಗಳಾದವು. 2011ರಿಂದ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳವೂ ಅಲ್ಲಿ ನಡೆಯುತ್ತ ಬಂದಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನ ತಳಿಗಳನ್ನು ಕೈತೋಟದವರಿಗೂ ಪೊಟ್ಟಣ ಕಟ್ಟಿ ಮಾರುತ್ತದೆ. ಬೀಜೋಪಚಾರ, ಎರೆಗೊಬ್ಬರ, ಬೇವಿನ ಹಿಂಡಿ, ಚಪ್ಪರ, ಎಲ್ಲದಕ್ಕೂ ಪಾಠವಿದೆ. ಪಾಠ ನಿಲ್ಲುವುದು ಬುಟ್ಟಿ ತುಂಬಿದ ಚಿತ್ರದ ಹತ್ತಿರ. ಆ ಬುಟ್ಟಿ ಅಡುಗೆಮನೆಯ ಕಟ್ಟೆಗೆ ಬಂದು ಕೂತ ಮೇಲೆ ಏನಾಗುತ್ತದೆ, ಅದರ ಮುಂದೆ ಯಾರು ಕೂರುತ್ತಾರೆ ಎಂದು ಯಾರೂ ಬರೆದದ್ದು ನಾನು ಕಂಡಿಲ್ಲ. ಈ ಲೇಖನ ಅದರ ಬಗ್ಗೆ.

ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿದೆ. ಅದರ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ‘ಪಾರ್ಥೇನಿಯಂ ಬೆಳೆಯೋದಕ್ಕಿಂತ ನೀವೇ ಏನಾದ್ರೂ ಹಾಕ್ಕೊಳ್ಳಿ’ ಎಂದರು. ನಮ್ಮ ಮನೆಯವರು ನಿವೃತ್ತರಾದ ವರ್ಷವೇ ಈ ಮಾತು ಬಂದದ್ದು ನನ್ನ ಜಾತಕದ ಫಲ. ಕೃತ್ತಿಕಾ ಮಳೆಗೆ ನೆಲ ಅಗೆದರು, ರೋಹಿಣಿ ಮಳೆಗೆ ಬಿತ್ತಿದರು. ಇಡೀ ಪೊಟ್ಟಣವನ್ನು ಒಂದೇ ಬೆಳಿಗ್ಗೆ ಬಿತ್ತಿದರು. ಮಲೆನಾಡಿನ ಅಂಚಿನ ಊರಿನಲ್ಲಿ ಇದಕ್ಕೆ ಕಾರಣವಿಲ್ಲದೆ ಇಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದ ಮೇಲೆ ಹಾಕಿದ ಬೀಜ ಕೊಳೆತುಹೋಗುತ್ತದೆ, ಆದ್ದರಿಂದ ಎಲ್ಲರೂ ಅದಕ್ಕೆ ಮೊದಲೇ ಮುಗಿಸಿಬಿಡುತ್ತಾರೆ. ಎಲ್ಲರೂ ಒಂದೇ ವಾರ ಬಿತ್ತಿದರೆ ಎಲ್ಲರಿಗೂ ಒಂದೇ ವಾರ ಕಾಯಿ. ಕೊಡುವವರೆಲ್ಲ ಒಟ್ಟಿಗೇ ತಯಾರಾಗುತ್ತಾರೆ, ತೆಗೆದುಕೊಳ್ಳುವವರು ಇರುವುದಿಲ್ಲ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಆದ್ದರಿಂದ ಲೆಕ್ಕ ಹಾಕದೆ ಮಾತಾಡುವುದಿಲ್ಲ. ಬೆಂಡೆ ಗಿಡ ಬಿತ್ತಿ ಒಂದೂವರೆ ತಿಂಗಳಿಗೆ ಕಾಯಿ ಹಿಡಿಯುತ್ತದೆ. ಆಮೇಲೆ ಒಂದು ಗಿಡ ದಿನ ಬಿಟ್ಟು ದಿನ ಒಂದು ಕಾಯಿ ಕೊಡುತ್ತದೆ ಎಂದು ಇಟ್ಟುಕೊಳ್ಳಿ. ನಮ್ಮ ಅರವತ್ತು ಗಿಡಕ್ಕೆ ದಿನಕ್ಕೆ ಮೂವತ್ತು ಕಾಯಿ, ತೂಕದಲ್ಲಿ ಸುಮಾರು ಅರ್ಧ ಕಿಲೋ. ಮನೆಯಲ್ಲಿ ನಾವಿಬ್ಬರೇ. ಮಕ್ಕಳಿಬ್ಬರೂ ದೂರ. ಒಂದು ದಿನ ಪಲ್ಯ, ಒಂದು ದಿನ ಗೊಜ್ಜು, ಒಂದು ದಿನ ಮಜ್ಜಿಗೆಹುಳಿ, ಮತ್ತೊಂದು ದಿನ ಸಾಸಿವೆ. ಐದನೆಯ ದಿನ ನಮ್ಮ ಮನೆಯವರೇ ತಟ್ಟೆ ನೋಡಿ ‘ಇವತ್ತೂ ಬೆಂಡೆಕಾಯಾ?’ ಎಂದರು. ಬೆಳೆದವರಿಗೇ ಬೇಡವಾಯಿತು!

ಕೊಯ್ಯದೆ ಬಿಡೋಣವೆಂದರೆ ಅದಕ್ಕೂ ಆಗುವುದಿಲ್ಲ. ಹೂ ಬಿದ್ದು ಐದಾರು ದಿನಕ್ಕೆ ಬೆಂಡೆ ಎಳಸಾಗಿರುತ್ತದೆ, ತುದಿ ಮುರಿದರೆ ಟಕ್ಕೆನ್ನುತ್ತದೆ. ಇನ್ನೆರಡು ದಿನ ಬಿಟ್ಟರೆ ನಾರು. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಗಿಡ ತನ್ನ ಸಂತಾನದ ಕೆಲಸ ಮುಗಿಯಿತೆಂದು ಹೂ ಕಡಿಮೆ ಮಾಡುತ್ತದೆ. ಕೊಯ್ದಷ್ಟೂ ಮತ್ತೆ ಬಿಡುತ್ತದೆ. ಅಂದರೆ ಚುರುಕಾಗಿ ಕೊಯ್ಯುವವನಿಗೆ ಇನ್ನೂ ಹೆಚ್ಚು ಕಾಯಿ. ಹೀರೆಯದು ಬೇರೆಯೇ ಉಪಾಯ. ಅದು ಎಲೆಯ ಮರೆಯಲ್ಲಿ ಅಡಗುತ್ತದೆ. ಎರಡು ದಿನ ಮಳೆ ಬಿಡದೆ ಹೊಯ್ದು ನೀವು ಚಪ್ಪರದ ಕಡೆ ಹೋಗದಿದ್ದರೆ ಮೂರನೆಯ ದಿನ ಒನಕೆಯಂಥ ಕಾಯಿ ಕಣ್ಣಿಗೆ ಬೀಳುತ್ತದೆ, ಅದನ್ನು ಹೆಚ್ಚಲು ಹೋದರೆ ಚಾಕು ಜಾರುತ್ತದೆ.

ಈಗ ಆ ಬುಟ್ಟಿಯ ಮುಂದೆ ಕೂತವರ ವಿಷಯ. ಮಳೆಗಾಲದಲ್ಲಿ ಕೊಯ್ದ ಬೆಂಡೆ ಒದ್ದೆಯಾಗಿರುತ್ತದೆ. ಒದ್ದೆ ಬೆಂಡೆ ಹೆಚ್ಚಿದರೆ ಲೋಳೆ ಕಟ್ಟುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಹಾಗಾಗಿ ಒಂದೊಂದನ್ನೂ ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ಕಾಗದದ ಮೇಲೆ ಹರವಿ, ಫ್ಯಾನಿನ ಕೆಳಗೆ ಬಿಟ್ಟು, ಆಮೇಲೆ ತೊಟ್ಟು ತೆಗೆದು ಹೆಚ್ಚಬೇಕು. ಹೀರೆಯ ಏಣು ಹೆರೆಯಬೇಕು, ತುದಿ ನೆಕ್ಕಿ ಕಹಿ ನೋಡಬೇಕು. ಚಪ್ಪರದವರೆಯ ಎರಡೂ ಬದಿಯ ನಾರು ಎಳೆದು, ಬಿಡಿಸಿ, ಹುಳ ನೋಡಬೇಕು. ಬಸಳೆಯ ಎಲೆ ಬೇರೆ, ದಂಟು ಬೇರೆ. ಹರಿವೆ ಸೊಪ್ಪಿನ ಬೇರಿನ ಮಣ್ಣು ಹೋಗಬೇಕಾದರೆ ಮೂರು ನೀರು. ತೋಟದಲ್ಲಿ ಕಾಲು ಗಂಟೆ ಕೊಯ್ದದ್ದು ಅಡುಗೆಮನೆಯಲ್ಲಿ ಒಂದು ಗಂಟೆ ಬೇಡುತ್ತದೆ. ಕೊಯ್ದವರು ಅಷ್ಟರಲ್ಲಿ ಕೈಕಾಲು ತೊಳೆದು ಬುಟ್ಟಿಯ ಫೋಟೋವನ್ನು ವಾಟ್ಸಾಪಿನ ನಿವೃತ್ತರ ಗುಂಪಿಗೆ ಹಾಕಿ, ಬರುವ ಹೆಬ್ಬೆರಳುಗಳನ್ನು ಎಣಿಸುತ್ತ ಜಗುಲಿಯಲ್ಲಿ ಕೂತಿರುತ್ತಾರೆ. ‘ಸಾರ್, ಅದ್ಭುತ’, ‘ಸಾವಯವ ಬದುಕು’, ಎರಡು ಕೈ ಜೋಡಿಸಿದ ಚಿತ್ರ. ಹೆಚ್ಚಿದವಳಿಗೆ ಹೆಬ್ಬೆರಳು ತೋರಿಸಿದವರು ಯಾರೂ ಇಲ್ಲ; ಅವಳ ಹೆಬ್ಬೆರಳು ಬೆಂಡೆಕಾಯಿಯ ಕಲೆ ಹಿಡಿದು ಕಪ್ಪಾಗಿರುತ್ತದೆ.

ಇದು ನಮ್ಮ ಮನೆಯ ಜಗಳವಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಆಗ ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ 97 ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ, ಹಾಕದವರದ್ದು ಅದರೊಳಗಿಲ್ಲ. ಇನ್ನೊಂದು ತಮಾಷೆಯಿದೆ. ದೇಶದ ಆದಾಯವನ್ನು ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಸುವ ನಿಯಮಗಳ ಪ್ರಕಾರ ಮನೆಬಳಕೆಗೆ ತರಕಾರಿ ಬೆಳೆದರೆ ಅದು ಉತ್ಪಾದನೆ. ಅದನ್ನು ಒಣಗಿಸಿ, ಉಪ್ಪಿನಕಾಯಿ ಹಾಕಿ ಇಟ್ಟರೆ ಅದೂ ಉತ್ಪಾದನೆ. ಅದೇ ತರಕಾರಿಯನ್ನು ಹೆಚ್ಚಿ ಹುಳಿ ಮಾಡಿ ಮಧ್ಯಾಹ್ನ ಬಡಿಸಿದರೆ ಲೆಕ್ಕಕ್ಕೇ ಇಲ್ಲ. ನಮ್ಮ ಮನೆಯವರು ದೇಶ ಕಟ್ಟುತ್ತಿದ್ದಾರೆ, ನಾನು ಸುಮ್ಮನೆ ಅಡುಗೆ ಮಾಡುತ್ತಿದ್ದೇನೆ.

‘ಹಾಗಾದ್ರೆ ಒಣಗಿಸಿ ಇಡಿ’ ಎನ್ನುತ್ತಾರೆ. ಈ ಸಲಹೆ ಕೊಡುವವರು ಸಾಮಾನ್ಯವಾಗಿ ಬಿಸಿಲಿನ ಸೀಮೆಯವರು, ಇಲ್ಲವೇ ಎಂದೂ ಏನನ್ನೂ ಒಣಗಿಸದವರು. ಧಾರವಾಡ, ಗದಗದ ಕಡೆ ಚವಳಿಕಾಯಿಯನ್ನೂ ಮೆಣಸಿನಕಾಯಿಯನ್ನೂ ಒಣಗಿಸಿ ಬಾಳಕ ಮಾಡುತ್ತಾರೆ, ಎಣ್ಣೆಯಲ್ಲಿ ಕರಿದರೆ ಅದರ ರುಚಿಯೇ ಬೇರೆ. ಅಲ್ಲಿ ಅದು ಸಾಧ್ಯ. ನಮ್ಮಲ್ಲಿ ತರಕಾರಿ ಸುಗ್ಗಿ ಬರುವುದು ಮಳೆಯಲ್ಲಿ, ಒಣಗಿಸುವ ಬಿಸಿಲು ಬರುವುದು ಫಾಲ್ಗುಣ, ಚೈತ್ರದಲ್ಲಿ. ಆಶ್ಲೇಷಾ ಮಳೆಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿ ಪಂಚೆ ಒಣಗಿಸುತ್ತೇವೆ. ಬೆಂಡೆಕಾಯಿ ಎಲ್ಲಿ ಒಣಗೀತು? ಮಜ್ಜಿಗೆ ಮೆಣಸು ಮಾಡಬೇಕಾದರೆ ಮೆಣಸಿನಕಾಯಿ ಸೀಳಿ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆ ಪೂರಾ ಹೀರುವವರೆಗೆ ಹೀಗೇ ಮಾಡಬೇಕು. ಮಧ್ಯೆ ಒಂದು ದಿನ ಮೋಡ ಕವಿದರೂ ಬೂಸಲು.

ಇನ್ನು ಫ್ರೀಜರ್. ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತೆಗೆದು ತಣ್ಣೀರಿಗೆ ಅದ್ದಿ, ಒರೆಸಿ, ಚೀಲಕ್ಕೆ ತುಂಬಿ ಇಡಿ ಎಂದು ನನ್ನ ಸೊಸೆ ವಿಡಿಯೋ ಕಳಿಸಿದಳು. ಬಟಾಣಿಗೆ, ಬೀನ್ಸಿಗೆ ಇದು ಒಪ್ಪುತ್ತದೆ. ಹೀರೆ, ಸೋರೆ, ಪಡವಲಗಳಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಆ ನೀರು ಮಂಜಾಗಿ ಹಿಗ್ಗುವಾಗ ಒಳಗಿನ ಕೋಶಗಳನ್ನು ಒಡೆಯುತ್ತದೆ. ಕರಗಿಸಿದಾಗ ಉಳಿಯುವುದು ಒದ್ದೆ ಹತ್ತಿ. ಅಲ್ಲದೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಮತ್ತೆ ಈ ಎಲ್ಲ ಉಪಾಯಗಳಲ್ಲೂ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಈ ದಿನ ಹೆಚ್ಚಬೇಕಾದದ್ದನ್ನು ಈ ದಿನವೇ ಹೆಚ್ಚಿ, ಮುಂದೊಂದು ದಿನ ಬೇಡದ ಮನಸ್ಸಿನಿಂದ ತಿನ್ನುವುದಷ್ಟೇ.

ನನ್ನ ತವರು ಘಟ್ಟದ ಕೆಳಗೆ, ಕುಂದಾಪುರದ ಹತ್ತಿರ. ಅಲ್ಲಿ ನನ್ನ ಅಮ್ಮನೂ ಹಿತ್ತಲು ಮಾಡುತ್ತಿದ್ದಳು, ಆದರೆ ಬೆಂಡೆಕಾಯಿಯ ಹಿಂದೆ ಓಡುತ್ತಿರಲಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಗೆಗೆ ಮೊಗೆಕಾಯಿ ಹಾಕುತ್ತಿದ್ದರು, ಪೇಟೆಯವರು ಮಂಗಳೂರು ಸೌತೆ ಎನ್ನುತ್ತಾರಲ್ಲ, ಅದು. ಬಲಿತು ಬಣ್ಣ ತಿರುಗಿದ ಮೇಲೆ ತೊಟ್ಟು ಬಿಟ್ಟು ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು, ತೊಳೆಯಬಾರದು. ಒಣಗಿದ ಬಾಳೆಪಟ್ಟೆಯನ್ನು ಸೀಳಿ, ನೀರು ಚಿಮುಕಿಸಿ ಮೆತ್ತಗೆ ಮಾಡಿ, ಒಂದೊಂದು ಕಾಯಿಗೂ ಮೇಲೊಂದು ಕೆಳಗೊಂದು ಸುತ್ತು ಹಾಕಿ ಅಡುಗೆಮನೆಯ ಮಾಡಿನ ಪಕಾಸಿಗೆ ಸಾಲಾಗಿ ಕಟ್ಟುತ್ತಿದ್ದರು. ಒಂದಕ್ಕೊಂದು ತಾಗಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ತಾಗಿದ ಜಾಗದಲ್ಲೇ ಕೊಳೆ ಶುರುವಾಗುತ್ತದೆ. ಒಲೆಯ ಹೊಗೆ, ಮೇಲಿನ ಗಾಳಿ. ಆಷಾಢದಲ್ಲಿ ಹೊರಗೆ ಕಾಲಿಡಲಾಗದ ದಿನ ತಲೆಯೆತ್ತಿ ನೋಡಿ, ಯಾವುದು ಮೆತ್ತಗಾಗುವ ಹಾಗಿದೆಯೋ ಅದನ್ನು ಇಳಿಸಿ ಹುಳಿಗೆ ಹಾಕುವಳು. ಬೀಜವೂ ದಂಡವಲ್ಲ, ಅರೆದು ಸೋಸಿ ತಂಬುಳಿ.

ಇದನ್ನು ಹೇಳಿದ್ದು ಹಿಂದಿನ ಕಾಲ ಚೆನ್ನಾಗಿತ್ತು ಎಂದು ಹಾಡಲಿಕ್ಕಲ್ಲ. ಆ ಮನೆಯಲ್ಲಿ ಊಟಕ್ಕೆ ಕೂರುವವರು ಹನ್ನೊಂದು ಜನ, ಕೆಲಸದವರು ಬೇರೆ, ಅಷ್ಟಕ್ಕೂ ಹೆಂಗಸರೇ ಬೇಯಿಸಬೇಕಿತ್ತು. ನಾನು ಗಮನಿಸಿದ್ದು ಬೇರೆ ಸಂಗತಿ. ಏನು ಬೆಳೆಯಬೇಕು ಎಂದು ತೀರ್ಮಾನಿಸುತ್ತಿದ್ದವಳು ಅಡುಗೆ ಮಾಡುವವಳೇ. ಆದ್ದರಿಂದ ಅವಳು ಕಾಯುವ ತರಕಾರಿಯನ್ನು ಆರಿಸುತ್ತಿದ್ದಳು: ಮೊಗೆಕಾಯಿ, ಮೈಮೇಲೆ ಬೂದಿ ಕೂತ ಬೂದುಗುಂಬಳ, ತೊಟ್ಟಿನೊಂದಿಗೆ ಕೊಯ್ದ ಸಿಹಿಗುಂಬಳ, ನೆಲದಡಿಯಲ್ಲೇ ಇರುವ ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ. ಇವು ತಿಂಗಳುಗಟ್ಟಲೆ ನಿಮ್ಮ ಅನುಕೂಲಕ್ಕೆ ಕಾಯುತ್ತವೆ. ಬೆಂಡೆ, ಹೀರೆ, ಬೀನ್ಸ್ ಕಾಯುವುದಿಲ್ಲ, ಅವುಗಳ ಅನುಕೂಲಕ್ಕೆ ನೀವು ಕಾಯಬೇಕು. ತಾರಸಿ ತೋಟದ ಪಾಠದಲ್ಲಿ ಈ ವಿಂಗಡಣೆಯೇ ಇರುವುದಿಲ್ಲ, ಯಾಕೆಂದರೆ ಪಾಠ ಹೇಳುವವರು ನೋಡುವುದು ಗಿಡದ ಕಡೆಯಿಂದ.

ಹಂಚಿದರಾಯಿತು ಎನ್ನುವವರು ಹಂಚಿ ನೋಡಬೇಕು. ನಮ್ಮ ಎದುರು ಮನೆಯವರು ಮಾಧ್ವರು. ಆಷಾಢ ಶುದ್ಧ ಏಕಾದಶಿಯಿಂದ ಒಂದು ತಿಂಗಳು ಅವರಿಗೆ ಶಾಕವ್ರತ, ತರಕಾರಿ ಮುಟ್ಟುವುದಿಲ್ಲ. ನಮ್ಮ ಬೆಂಡೆ ಮೊದಲ ಕಾಯಿ ಕೊಡುವುದು ಸರಿಯಾಗಿ ಆಗಲೇ. ಆ ಮನೆಯ ಅಜ್ಜಿ ಬಾಗಿಲಲ್ಲೇ ‘ವ್ರತ ಕಣಮ್ಮಾ’ ಎಂದು ಕೈ ಆಡಿಸುವಾಗ ಮುಖದಲ್ಲಿ ಭಕ್ತಿಗಿಂತ ನೆಮ್ಮದಿಯೇ ಹೆಚ್ಚು ಕಾಣುತ್ತದೆ. ಹಿಂದಿನ ಬೀದಿಯ ಮೇಷ್ಟ್ರು ಚೀಲ ಇಸಿದುಕೊಂಡು, ಖಾಲಿ ಚೀಲ ಕೊಡುವುದು ತಪ್ಪೆಂದು ಅದಕ್ಕೆ ಹೀರೇಕಾಯಿ ತುಂಬಿ ವಾಪಸು ಕಳಿಸಿದರು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಬೀದಿಯಲ್ಲೆಲ್ಲ ಟೊಮೆಟೊದ್ದೇ ಮಾತು. ಬಿಟ್ಟಿ ಬೆಂಡೆಕಾಯಿಯನ್ನು ಯಾರೂ ತಿರುಗಿ ನೋಡಲಿಲ್ಲ. ಮಳೆಯೂರಿನ ಹಿತ್ತಲಲ್ಲಿ ಆ ತಿಂಗಳು ಟೊಮೆಟೊ ಬರುವುದೂ ಇಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ನ್ಯೂಜೆರ್ಸಿಯಲ್ಲಿರುವ ಮಗಳ ಹಿತ್ತಲಲ್ಲೂ ಬೇಸಗೆಯಲ್ಲಿ ಬೆಂಡೆ, ಹೀರೆ, ಅಲ್ಲಿನ ಜುಕಿನಿ. ಆಗಸ್ಟ್ ಬಂತೆಂದರೆ ಕಾರಿಗೆ ಬೀಗ ಹಾಕಿ, ಇಲ್ಲದಿದ್ದರೆ ಯಾರಾದರೂ ಒಳಗೆ ಜುಕಿನಿ ಇಟ್ಟುಹೋಗುತ್ತಾರೆ ಎಂಬುದು ಅಲ್ಲಿನ ಹಳೆಯ ನಗೆಮಾತು. ಅಕ್ಕಪಕ್ಕದವರ ಜಗುಲಿಯಲ್ಲಿ ಕದ್ದು ಜುಕಿನಿ ಇಟ್ಟು ಬರಲೆಂದೇ ಆಗಸ್ಟ್ 8 ಅನ್ನು ತಮಾಷೆಗೆ ಗೊತ್ತುಮಾಡಿಕೊಂಡಿದ್ದಾರಂತೆ. ಆ ರಾಜ್ಯದವರೇ ಆದ ಗ್ಯಾರಿ ಓಪನ್‌ಹೈಮರ್ ಎಂಬವರು 2009ರಲ್ಲಿ ‘ಆಂಪಲ್ ಹಾರ್ವೆಸ್ಟ್’ ಎಂಬ ಸಂಸ್ಥೆ ಕಟ್ಟಿ, ಹಿತ್ತಲಲ್ಲಿ ಹೆಚ್ಚು ಬೆಳೆದವರಿಗೆ ಹತ್ತಿರದ ಆಹಾರ ದಾನ ಕೇಂದ್ರ ಎಲ್ಲಿದೆ ಎಂದು ತೋರಿಸುವ ಏರ್ಪಾಡು ಮಾಡಿದರು. ಒಳ್ಳೆಯ ಕೆಲಸ. ನಮ್ಮಲ್ಲಿ ಅಂಥದ್ದು ಬಂದರೆ ಬರಲಿ. ಆದರೆ ನಮ್ಮ ಬೀದಿಯಲ್ಲಿ ಬೇರೊಂದು ಸಂಗತಿಯಿದೆ, ಅದು ನನಗೆ ತಿಳಿದದ್ದು ತಳ್ಳುಗಾಡಿಯ ತರಕಾರಿಯವಳಿಂದ.

ಅವಳು ಬರುವುದು ಎಂಟೂವರೆಗೆ. ಒಂದು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿ ತಕ್ಕಡಿ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. ಗಾಡಿಯ ಮೇಲೆ ಬೆಂಡೆ, ಹೀರೆ, ಗೋಣಿತಾಟು ಹೊದೆಸಿದ ಸೊಪ್ಪು.

‘ಅಕ್ಕಾ, ಒಂದ್ ಮಾತ್ ಕೇಳ್ಲಾ? ನೀವು ಬೀದಿಗೆಲ್ಲ ಬಿಟ್ಟಿ ಕೊಟ್ರೆ ನಂದು ಯಾರ್ ತಗೊಳ್ತಾರೆ?’

ನಾನು ಏನೂ ಹೇಳಲಿಲ್ಲ. ಅವಳೇ ಮುಂದುವರಿಸಿದಳು. ‘ನೀವ್ ಕೊಡ್ಬೇಡಿ ಅನ್ನಲ್ಲ. ನಂಗೇ ಕೊಡಿ. ಅರ್ಧ ರೇಟು ಕೊಡ್ತೀನಿ. ಇಲ್ಲಾ ಅಂದ್ರೆ ಕೊತ್ತಂಬರಿ, ನಿಂಬೆಹಣ್ಣು, ಶುಂಠಿ ತಗೊಳ್ಳಿ.’

ಅವಳು ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಸಾಲ ಮಾಡಿ ತಂದ ಮಾಲಿನ ಮುಂದೆ ನಮ್ಮ ಔದಾರ್ಯ ನಿಂತಿತ್ತು. ಅವತ್ತಿನಿಂದ ನಮ್ಮ ಹೆಚ್ಚುವರಿ ಅವಳಿಗೆ. ನಮ್ಮ ಮನೆಯವರಿಗೆ ಮೊದಲು ಮುಜುಗರವಾಯಿತು, ‘ತರಕಾರಿ ಮಾರ್ತಿದ್ದಾರೆ ಅಂತಾರೆ ಜನ’ ಎಂದರು. ಅನ್ನಲಿ. ಅರವತ್ತು ವರ್ಷ ದಾಟಿದ ಮೇಲೂ ಜನ ಏನೆನ್ನುತ್ತಾರೆ ಎಂದು ಹೆದರುವವರು ಅರವತ್ತು ಬೆಂಡೆ ಗಿಡ ಹಾಕಬಾರದಿತ್ತು. ಹಣ ಬೇಡವೆಂದೆವು, ವಾರಕ್ಕೆ ಬೇಕಾಗುವ ಕೊತ್ತಂಬರಿ, ಕರಿಬೇವು, ನಿಂಬೆಹಣ್ಣು ಅವಳಿಂದ ಬರುತ್ತದೆ. ಅಷ್ಟರ ಮೇಲೂ ನೆರೆಯವರಿಗೆ ಕೊಡುವುದಿದ್ದರೆ ಅವಳ ಗಾಡಿಯಲ್ಲಿ ಸಿಗದ್ದನ್ನು ಕೊಡುತ್ತೇವೆ. ಕೆಸುವಿನ ಎಲೆ ಕೊಟ್ಟರೆ ಪತ್ರೊಡೆ ಮಾಡುವವರು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಬಾಳೆಯ ಹೂವು, ದೊಡ್ಡಪತ್ರೆ, ಒಂದೆಲಗ, ಚಕ್ರಮುನಿ ಸೊಪ್ಪು. ಇವಕ್ಕೆ ಯಾವಾಗಲೂ ಗಿರಾಕಿಯಿದೆ.

ಕೊಡುವುದಕ್ಕೂ ಒಂದು ರೀತಿ ಇದೆ ಎಂದು ನನ್ನ ಅಭಿಪ್ರಾಯ. ಕೇಳದೆ ಕೊಡಬಾರದು. ಕೊಟ್ಟರೆ ಒಂದು ಹೊತ್ತಿನ ಅಡುಗೆಗೆ ಆಗುವಷ್ಟು ಕೊಡಬೇಕು, ನಮ್ಮ ಫ್ರಿಜ್ಜು ಖಾಲಿಯಾಗುವಷ್ಟಲ್ಲ. ಬಲಿತದ್ದನ್ನು ದಾಟಿಸಿ ಎಳೆಯದನ್ನು ಇಟ್ಟುಕೊಳ್ಳುವವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ. ಸೊಪ್ಪು ಕೊಡುವುದಾದರೆ ಸೋಸಿಯೇ ಕೊಡಿ. ಸೋಸದ ಬಸಳೆಯ ಕಟ್ಟು ಉಡುಗೊರೆಯಲ್ಲ, ಹೋಂವರ್ಕು. ಸೋರೆಕಾಯಿ ಬಗ್ಗೆ ಮಾತ್ರ ನಗುವ ಹಾಗಿಲ್ಲ. ತಾನಾಗಿ ಹುಟ್ಟಿದ ಬಳ್ಳಿಯಲ್ಲಿ, ಒಮ್ಮೊಮ್ಮೆ ಬಿತ್ತಿದ ಬಳ್ಳಿಯಲ್ಲೂ, ಕಹಿ ಕಾಯಿ ಬರುತ್ತದೆ. ಅದರಲ್ಲಿರುವ ಕುಕುರ್ಬಿಟಾಸಿನ್ ವಿಷ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. ಆಮೇಲೆ ಐಸಿಎಂಆರ್ ತಜ್ಞರ ಸಮಿತಿ ಕಹಿ ಕಾಯಿಯನ್ನು ಬಳಸಲೇಬಾರದು ಎಂದಿತು. ಬೇಯಿಸಿದರೂ ಆ ವಿಷ ಹೋಗುತ್ತದೆಂದು ನಂಬುವ ಹಾಗಿಲ್ಲ. ಒಂದು ಚೂರು ಕೊಯ್ದು ನಾಲಿಗೆ ತುದಿಗೆ ತಾಗಿಸಿ, ಕಹಿಯಿದ್ದರೆ ಉಗುಳಿ ಕಾಯಿಯನ್ನು ಗೊಬ್ಬರಕ್ಕೆ ಹಾಕಿ. ಆ ಬಳ್ಳಿಯನ್ನೂ ಕಿತ್ತುಬಿಡಿ.

ಶಾಲೆಗೆ ಕೊಡಿ ಎಂಬುದು ಇನ್ನೊಂದು ಸಲಹೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಅಡುಗೆಮನೆ ಈಗ ಊರೂರಿನ ಸರ್ಕಾರಿ ಶಾಲೆಯಲ್ಲೂ ಇದೆ. ನಾನು ಕೆಲಸ ಮಾಡಿದ ಶಾಲೆಯಲ್ಲೂ ಇತ್ತು. ಅಲ್ಲಿ ಹೆಚ್ಚುವವರು ಯಾರು? ಸಣ್ಣ ಗೌರವಧನಕ್ಕೆ ದುಡಿಯುವ ಹೆಂಗಸರೇ. ಇನ್ನೂರು ಮಕ್ಕಳ ಸಾಂಬಾರಿಗೆ ಹೊತ್ತಾಗುತ್ತಿರುವಾಗ ನೀವು ಎರಡು ಕಿಲೋ ಒದ್ದೆ ಬೆಂಡೆಯನ್ನೂ ನಾರು ತೆಗೆಯದ ಅವರೆಯನ್ನೂ ತಂದು ಬಾಗಿಲಲ್ಲಿಟ್ಟರೆ ಅವರು ‘ಬಂತಪ್ಪ ಧರ್ಮ’ ಎಂದು ಒಳಗೇ ಬೈದುಕೊಳ್ಳುತ್ತಾರೆ, ನಾನು ಕಿವಿಯಾರೆ ಕೇಳಿದ್ದೇನೆ. ಶಾಲೆಗೆ ಕೊಡಬೇಕಾದದ್ದು ಎರಡೇಟಿಗೆ ಹೋಳಾಗುವ ಕುಂಬಳ, ಸೋರೆ, ಮೊಗೆಕಾಯಿ, ಪರಂಗಿಕಾಯಿ. ಅದೂ ಹಿಂದಿನ ದಿನ ಮುಖ್ಯ ಅಡುಗೆಯವರನ್ನು ಕೇಳಿ. ಶಿಕ್ಷಕರನ್ನು ಕೇಳಿದರೆ ಸಾಲದು. ಅವರು ಹೂಂ ಎನ್ನುತ್ತಾರೆ, ಹೆಚ್ಚುವವರು ಅವರಲ್ಲವಲ್ಲ.

ಇಷ್ಟಾದ ಮೇಲೂ ಮಿಕ್ಕರೆ ಮಿಕ್ಕಲಿ. ಅನ್ನವನ್ನು ಚೆಲ್ಲಬಾರದು ಎಂದು ಕೇಳುತ್ತ ಬೆಳೆದವಳಿಗೆ ಒಂದು ಹೀರೇಕಾಯಿ ಬಿಸಾಡಲೂ ಕೈ ನಡುಗುತ್ತದೆ. ಜಗತ್ತಿನಲ್ಲಿ 2022ರಲ್ಲಿ 105 ಕೋಟಿ ಟನ್ ಆಹಾರ ದಂಡವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳದ್ದೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೇಳಿದ್ದನ್ನು ಓದಿದ ಮೇಲಂತೂ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಹೀರೇಕಾಯಿ ಸಿಪ್ಪೆ ಚಟ್ನಿ ಹುರಿದವಳು ನಾನು. ಆಮೇಲೆ ಕೂತು ಯೋಚಿಸಿದೆ. ಲಾರಿಯಲ್ಲಿ ಬಂದು, ಶೀತಲಗೃಹದಲ್ಲಿ ಕೂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮನೆಗೆ ಬಂದ ತರಕಾರಿ ಕಸದ ಗಾಡಿಗೆ ಹೋದರೆ ಅದು ದಂಡ. ಹತ್ತಡಿ ದೂರದಲ್ಲಿ ಬೆಳೆದದ್ದು ಹತ್ತಡಿ ದೂರದ ಗುಂಡಿಗೆ ವಾಪಸು ಹೋದರೆ ನಷ್ಟ ಯಾರಿಗೆ? ಬಲಿತ ಬೆಂಡೆಯನ್ನು ಹಸು ತಿನ್ನುತ್ತದೆ. ಒನಕೆಯಾದ ಹೀರೆ ಚಪ್ಪರದಲ್ಲೇ ಒಣಗಿದರೆ ಮೈ ಉಜ್ಜಲು, ಪಾತ್ರೆ ತಿಕ್ಕಲು ಬರುತ್ತದೆ, ಬೀಜವೂ ಸಿಗುತ್ತದೆ. ಕೈತೋಟದ ಹೆಚ್ಚುವರಿಯನ್ನು ಪೂರಾ ತಿಂದು ಮುಗಿಸಲೇಬೇಕು ಎಂಬ ಹಟದಲ್ಲಿ ತರಕಾರಿ ಉಳಿಯುತ್ತದೆ, ಹೆಂಗಸಿನ ಹೊತ್ತು ಗೊಬ್ಬರವಾಗುತ್ತದೆ. ಆ ಹೊತ್ತಿನಲ್ಲಿ ನಾನು ಒಂದು ಕಾದಂಬರಿ ಓದಬಹುದು, ಸುಮ್ಮನೆ ಕೂರಬಹುದು.

ಕೊನೆಗೆ ನಮ್ಮ ಮನೆಯಲ್ಲಿ ನಾನು ಒಂದೇ ಒಂದು ಕಾನೂನು ತಂದೆ: ಕೊಯ್ದವರೇ ಹೆಚ್ಚಬೇಕು. ಜಗಳವಾಡಿ ತಂದದ್ದಲ್ಲ. ಬುಟ್ಟಿಯನ್ನು ಅಡುಗೆಮನೆಯ ಕಟ್ಟೆಯಿಂದ ಎತ್ತಿ, ಮಣೆ, ಚಾಕು, ಒರೆಸುವ ಬಟ್ಟೆಯ ಸಮೇತ ಜಗುಲಿಯಲ್ಲಿ ಅವರ ಪೇಪರಿನ ಪಕ್ಕ ಇಟ್ಟೆ. ಮೊದಲ ದಿನ ‘ಇದೇನು?’ ಎಂದರು. ‘ಫೋಟೋ ತೆಗೀರಿ, ಆಮೇಲೆ ಹೆಚ್ಚಿ’ ಎಂದೆ. ಹೆಚ್ಚಿದರು. ಹೋಳು ಒಂದು ಹೆಬ್ಬೆರಳಷ್ಟು, ಒಂದು ಕಡಲೆಯಷ್ಟು. ಬೇಯಿಸಿದೆ, ಏನೂ ಅನ್ನಲಿಲ್ಲ. ಒರೆಸುವುದು ಬೇಡ ಎಂದು ಒಮ್ಮೆ ಒದ್ದೆಯಲ್ಲೇ ಹೆಚ್ಚಿ, ಲೋಳೆಯಾದ ಪಲ್ಯವನ್ನು ತಾವೇ ತಿಂದರು.

ಅದರ ಪರಿಣಾಮ ಕಾಣಲು ಮುಂದಿನ ಮುಂಗಾರಿನವರೆಗೆ ಕಾಯಬೇಕಾಗಿ ಬರಲಿಲ್ಲ. ಎರಡೇ ವಾರಕ್ಕೆ ಅರ್ಧದಷ್ಟು ಬೆಂಡೆ ಗಿಡಗಳನ್ನು ಅವರೇ ಕಿತ್ತು ಹಾಕಿ, ಆ ಜಾಗಕ್ಕೆ ಅರಿಶಿನದ ಗೆಡ್ಡೆ ತಂದು ನೆಟ್ಟರು. ಮರುವರ್ಷ ಬೀನ್ಸನ್ನು ಹದಿನೈದು ದಿನದ ಅಂತರದಲ್ಲಿ ಮೂರು ಕಂತಿಗೆ ಹಾಕಿದರು. ಎರಡನೆಯ, ಮೂರನೆಯ ಕಂತನ್ನು ಮಳೆಗೆ ಕೊಳೆಯದ ಹಾಗೆ ಶೀಟಿನ ಕೆಳಗೆ ಟ್ರೇಯಲ್ಲಿ ಸಸಿ ಮಾಡಿಕೊಂಡು ನೆಟ್ಟರು. ನಾನು ಹೇಳಿದ್ದರೆ ‘ನಿನಗೇನು ಗೊತ್ತು ವ್ಯವಸಾಯ’ ಎನ್ನುತ್ತಿದ್ದರು. ಚಾಕು ಹೇಳಿತು, ಕೇಳಿದರು.

ತರಬೇತಿ ಕೊಡುವವರಿಗೂ ಬೀಜ ಮಾರುವವರಿಗೂ ನನ್ನದೊಂದು ಅಹವಾಲು. ಬೀಜದ ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ ನೂರಕ್ಕೆ ಎಷ್ಟು, ಪರೀಕ್ಷೆ ಮಾಡಿದ ತಾರೀಕು ಯಾವುದು, ಯಾವಾಗಿನವರೆಗೆ ಬಿತ್ತಬಹುದು ಎಂದೆಲ್ಲ ಅಚ್ಚು ಹಾಕುತ್ತೀರಿ. ಇಬ್ಬರಿರುವ ಮನೆಗೆ ಎಷ್ಟು ಗಿಡ ಸಾಕು ಎಂದೂ ಒಂದು ಸಾಲು ಹಾಕಿ. ತರಬೇತಿಯ ಕೊನೆಯ ಒಂದು ಗಂಟೆ, ಬಂದ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿ ಒಂದೊಂದು ಬುಟ್ಟಿ ಚಪ್ಪರದವರೆ ಕೊಟ್ಟು ನಾರು ತೆಗೆಸಿ. ಎಷ್ಟು ಬಳ್ಳಿ ಹಬ್ಬಿಸಬೇಕು ಎಂಬುದು ಆಮೇಲೆ ಅವರಿಗೇ ಹೊಳೆಯುತ್ತದೆ.

ಅಲ್ಲಿಯವರೆಗೆ ನಮ್ಮ ಮನೆಯ ಪೊಟ್ಟಣಗಳ ಮೇಲೆ ನಾನೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಹೀರೆ, ಒಂದು ಬಳ್ಳಿ. ಬೆಂಡೆ, ಹತ್ತು ಗಿಡ. ನಿನ್ನೆ ನೋಡಿದರೆ ಹತ್ತನ್ನು ಹೊಡೆದು ಹನ್ನೆರಡು ಎಂದು ತಿದ್ದಿದ್ದಾರೆ. ತಿದ್ದಲಿ, ಹೆಚ್ಚುವವರು ಅವರೇ.